ಮಗು ಮಂಕಾಗಿದೆ, ಎಲ್ಲಿಗೆ ಹೋಗೋಣ? ಮುಂಬೈ ಪಾಲಿಕೆ ಶಾಲೆಗಳ ಪೋಷಕರಿಗೂ ಟೀಚರುಗಳಿಗೂ ಒಂದು ಕೈಪಿಡಿ

ಬೃಹನ್ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗಿನ ಜೊತೆ ಕನ್ನಡವೂ ಅದರಲ್ಲಿ ಸೇರಿದೆ. ಒಂದು ಕಾಲಕ್ಕೆ ಈ ನಗರದ ಕನ್ನಡ ಶಾಲೆ ಎಂದರೆ ಕರಾವಳಿಯಿಂದ ಬಂದವರ ಶಾಲೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಒಂದು ತಲೆಮಾರೇ ಇಲ್ಲಿದೆ. ಈಗಿನ ಬೆಂಚುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿ ಕುಟುಂಬಗಳ ಮಕ್ಕಳು ಬಹಳ. ಅಪ್ಪ ಬೆಳಿಗ್ಗೆ ನಾಕಾದಲ್ಲಿ ನಿಂತು ಕೆಲಸಕ್ಕೆ ಕಾಯುತ್ತಾನೆ. ಅವ್ವ ನಾಲ್ಕು ಮನೆಯ ಪಾತ್ರೆ ತಿಕ್ಕಿ ಬರುತ್ತಾಳೆ. ಒಂದೇ ಖೋಲಿಯಲ್ಲಿ ಅಡುಗೆ, ನಿದ್ದೆ, ಟಿವಿ, ಹೋಂವರ್ಕ್ ಎಲ್ಲವೂ ನಡೆಯಬೇಕು. ಇಂಥ ಮನೆಯ ಮಗು ಮಂಕಾದರೆ ಮನೆಯಲ್ಲಿ ಅದಕ್ಕೆ ಬಿಡುವಿಲ್ಲ. ಒಬ್ಬರೇ ಎರಡು ತರಗತಿ ನೋಡಿಕೊಳ್ಳುವ ಟೀಚರಿಗೂ ಬಿಡುವಿಲ್ಲ.

ನೆರವು ಈ ನಗರದಲ್ಲಿ ಇದೆ, ಬಹುಪಾಲು ಉಚಿತವಾಗಿಯೋ ಅತಿ ಕಡಿಮೆ ಖರ್ಚಿನಲ್ಲೋ ಇದೆ. ಶಾಲೆಯ ಬಾಗಿಲಿನಿಂದ ಅಲ್ಲಿಯವರೆಗಿನ ದಾರಿ ಗೊತ್ತಿಲ್ಲದೆ ಮಕ್ಕಳು ನಡುದಾರಿಯಲ್ಲಿ ಉಳಿದುಬಿಡುತ್ತಾರೆ. ತೊಂದರೆ ಬಂದ ದಿನ ಆ ದಾರಿ ಹುಡುಕುತ್ತ ಕೂರುವಂತಾಗಬಾರದು. ಜೂನ್‌ನಲ್ಲಿ ಶಾಲೆ ತೆರೆಯುತ್ತಿದ್ದಂತೆ ಅದನ್ನು ಗೊತ್ತುಮಾಡಿಟ್ಟುಕೊಳ್ಳಬೇಕು.

ಮೊದಲು ಹೊಟ್ಟೆ, ಕಣ್ಣು, ಕಿವಿ, ನಿದ್ದೆ

ಮಗು ಓದಿನಲ್ಲಿ ಹಿಂದೆ ಬಿದ್ದರೆ, ಸಿಡುಕಿದರೆ, ತೂಕಡಿಸಿದರೆ ‘ಸೋಮಾರಿ’ ಎಂಬ ಹಣೆಪಟ್ಟಿ ಹಚ್ಚುವ ಮುನ್ನ ಈ ನಾಲ್ಕನ್ನು ನೋಡಿ. ಬೆಳಿಗ್ಗೆ ಏನು ತಿಂದು ಬಂದಿದೆ? ಬೋರ್ಡು ಕಾಣುತ್ತದೆಯೆ? ಹಿಂದಿನಿಂದ ಕರೆದರೆ ತಿರುಗುತ್ತದೆಯೆ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ? ಮಧ್ಯಾಹ್ನದ ಊಟದ ಯೋಜನೆಯಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಸಿಗಬೇಕೆಂದಿದೆ. ಆ ಊಟ ಬರುವವರೆಗೆ ಖಾಲಿ ಹೊಟ್ಟೆಯಲ್ಲಿ ಕೂತ ಮಗು ಲೆಕ್ಕ ಮಾಡಲಾರದು. ಕಣ್ಣು, ಕಿವಿ, ಹಲ್ಲು, ರಕ್ತಹೀನತೆ, ಬೆಳವಣಿಗೆಯ ತೊಂದರೆಗಳನ್ನು ತಪಾಸಣೆ ಮಾಡಲು 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹದಿನೆಂಟು ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಯಲ್ಲಿ ಬರುತ್ತಾರೆ. ಶಾಲೆಯಲ್ಲಿ ಈ ವರ್ಷದ ಆರೋಗ್ಯ ತಪಾಸಣೆ ಯಾವಾಗ ಎಂದು ಹೆಡ್‌ಮಾಸ್ತರರನ್ನು ಕೇಳಿ. ಅಂದು ಮಗು ಗೈರಾಗದಂತೆ ನೋಡಿಕೊಳ್ಳಿ.

ನಿದ್ದೆಯ ವಿಷಯದಲ್ಲಿ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಒಂದು ಒಳ್ಳೆಯ ಆದೇಶ ಹೊರಡಿಸಿತು: ನಾಲ್ಕನೇ ತರಗತಿಯವರೆಗಿನ ಮಕ್ಕಳ ಶಾಲೆ ಬೆಳಿಗ್ಗೆ ಒಂಬತ್ತರ ಒಳಗೆ ಶುರುವಾಗಬಾರದು. ಚಾಳಿನಲ್ಲಿ ಹನ್ನೊಂದಾದರೂ ಸದ್ದು ಅಡಗುವುದಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಬದಲಾವಣೆ ಕಂಡರೆ ಬರೆದಿಡಿ, ಆಮೇಲೆ ಮಾತಾಡಿಸಿ

ದಿನಾಂಕ ಹಾಕಿ ಬರೆದಿಟ್ಟದ್ದು ಮುಂದೆ ಡಾಕ್ಟರಿಗೂ ಬೇಕಾಗುತ್ತದೆ. ಏನನ್ನು ಬರೆಯಬೇಕು? ಮಗು ಮೊದಲಿನಂತಿಲ್ಲ ಎನ್ನಿಸುವುದನ್ನೆಲ್ಲ: ಗೆಳತಿಯರನ್ನು ಬಿಟ್ಟು ಒಂಟಿಯಾಗಿ ಕೂರುವುದು, ಡಬ್ಬಿ ತೆರೆಯದಿರುವುದು, ಕಾರಣ ಸಿಗದ ಹೊಟ್ಟೆನೋವು ತಲೆನೋವು, ಸಣ್ಣದಕ್ಕೂ ಅಳು ಅಥವಾ ಹೊಡೆದಾಟ, ಮನೆಗೆ ಹೋಗಲು ಹಿಂಜರಿಕೆ. ಎರಡು ವಾರವಾದರೂ ಸರಿಹೋಗದಿದ್ದರೆ ಮುಂದಿನ ಹೆಜ್ಜೆ ಇಡಲೇಬೇಕು. ತನ್ನನ್ನು ತಾನು ಗಾಯ ಮಾಡಿಕೊಂಡ ಗುರುತು ಕಂಡರೆ, ಸಾಯುವ ಮಾತಾಡಿದರೆ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡಿ.

ಮಾತಾಡಿಸುವುದು ಮಗುವಿನ ಮನೆಮಾತಿನಲ್ಲೇ ಆಗಲಿ. ಎಲ್ಲರೆದುರು ಬೇಡ, ಹಾಗೆಂದು ಬಾಗಿಲು ಹಾಕಿದ ಕೋಣೆಯೂ ಬೇಡ. ವರಾಂಡದ ತುದಿ, ಮೈದಾನದ ಕಟ್ಟೆ ಸಾಕು. ‘ಏನಾಗಿದೆ ನಿಂಗೆ?’ ಎಂದು ಕೇಳಿದರೆ ಮಗು ‘ಏನಿಲ್ರಿ ಟೀಚರ್’ ಎಂದು ಜಾರಿಕೊಳ್ಳುತ್ತದೆ. ‘ಈ ವಾರ ನೀ ಡಬ್ಬಿ ತೆಗ್ದಿಲ್ಲ, ನಾ ನೋಡೀನಿ. ಮನ್ಯಾಗ ಏನಾರ ತ್ರಾಸ ಐತೇನು?’ ಎಂದರೆ ತನ್ನನ್ನು ಯಾರೋ ಗಮನಿಸಿದ್ದಾರೆ ಎಂಬುದು ಅದಕ್ಕೆ ತಿಳಿಯುತ್ತದೆ. ಆಮೇಲೆ ಸುಮ್ಮನಿರಿ. ಮಗು ಮಾತು ಶುರುಮಾಡಲು ಹೊತ್ತು ಹಿಡಿಯುತ್ತದೆ. ‘ಯಾರಿಗೂ ಹೇಳಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ; ‘ನಿನಗೆ ಸಹಾಯ ಮಾಡೋರಿಗೆ ಅಷ್ಟೇ ಹೇಳ್ತೀನಿ’ ಎನ್ನಿ.

ಸಾಯುವ ಯೋಚನೆ ಬರುತ್ತಿದೆಯೆ ಎಂದು ನೇರವಾಗಿ ಕೇಳಲು ಅನೇಕರು ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಅದು. ಹಾಗಾಗುವುದಿಲ್ಲ. ಮೃದುವಾಗಿ, ನೇರವಾಗಿ ಕೇಳಿದಾಗ ಮಗುವಿನ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಮನೆಯವರನ್ನು ಕರೆಸಿ, ಅಪಾಯದ ವಸ್ತುಗಳನ್ನು ಮನೆಯಲ್ಲಿ ಕೈಗೆ ಸಿಗದಂತೆ ಇಡಿಸಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಷ್ಟರಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿ ಹಗಲು ರಾತ್ರಿ ನಡೆಯುತ್ತದೆ, ಉಚಿತ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೇವೆ ನೀಡುವ ಇಪ್ಪತ್ತು ಭಾಷೆಗಳಲ್ಲಿ ಕನ್ನಡವೂ ಇದೆ. ಮಗುವಿನ ಪರವಾಗಿ ಟೀಚರ್, ಅವ್ವ, ಅಜ್ಜಿ ಯಾರು ಬೇಕಾದರೂ ಕರೆ ಮಾಡಬಹುದು.

ಆಸ್ಪತ್ರೆಯ ಬಾಗಿಲು

ಮುಂಬೈನ ದೊಡ್ಡ ಭಾಗ್ಯವೆಂದರೆ ಇಲ್ಲಿನ ಪಾಲಿಕೆ ಆಸ್ಪತ್ರೆಗಳು. ಪರೇಲ್‌ನ ಕೆ.ಇ.ಎಂ., ಸಾಯನ್‌ನ ಲೋಕಮಾನ್ಯ ತಿಲಕ್, ಮುಂಬೈ ಸೆಂಟ್ರಲ್‌ನ ನಾಯರ್, ವಿಲೇಪಾರ್ಲೆ ಕಡೆಯ ಕೂಪರ್ ನಾಲ್ಕರಲ್ಲೂ ಮನೋರೋಗ ವಿಭಾಗಗಳಿವೆ. ಕೇಸ್ ಪೇಪರ್ ಮಾಡಿಸಲು ಬೆಳಿಗ್ಗೆ ಬೇಗ ಹೋಗಿ. ಶಾಲೆಯಲ್ಲಿ ಬರೆದಿಟ್ಟ ಟಿಪ್ಪಣಿ ಜೊತೆಗಿರಲಿ. ‘ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ್ರಂತೆ’ ಎಂಬ ನೆರೆಯವರ ಮಾತಿಗೆ ಹೆದರಿ ಎಷ್ಟೋ ಮನೆಗಳು ತಿಂಗಳುಗಟ್ಟಲೆ ತಡಮಾಡುತ್ತವೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವವರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ ಎಂದು ತಾಯಿಗೆ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು.

ಕಲಿಕೆಯ ತೊಂದರೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ನಮ್ಮ ಮಕ್ಕಳಿಗೆ. ಬಾಯಲ್ಲಿ ಚುರುಕಾಗಿ ಉತ್ತರ ಕೊಡುವ ಮಗು ಓದುವಾಗ ಅಕ್ಷರ ತಡವರಿಸಿದರೆ, ಒತ್ತಕ್ಷರ ಪದೇಪದೇ ತಪ್ಪಿದರೆ, ಬೋರ್ಡಿನಿಂದ ನಕಲು ಮಾಡುವುದೂ ಕಷ್ಟವಾದರೆ ಅದು ಡಿಸ್ಲೆಕ್ಸಿಯಾ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ಅಂಗವಿಕಲತೆಗಳಲ್ಲಿ ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಇದ್ದರೆ ಹತ್ತನೇ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಮುಂತಾದ ರಿಯಾಯಿತಿಗಳು ಸಿಗುತ್ತವೆ. ತಪಾಸಣೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಕಣ್ಣು, ಕಿವಿ, ಬುದ್ಧಿಮತ್ತೆ, ಆಮೇಲೆ ಓದು ಬರಹದ ಪರೀಕ್ಷೆ ಎಂದು ಹಲವು ಬಾರಿ ಹೋಗಬೇಕಾಗುತ್ತದೆ. ಕೂಲಿಯವರಿಗೆ ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಗುತ್ತದೆ. ಆದ್ದರಿಂದ ಹತ್ತನೇ ತರಗತಿಯವರೆಗೆ ಕಾಯದೆ ಮೂರು, ನಾಲ್ಕನೇ ತರಗತಿಯಲ್ಲೇ ಅನುಮಾನ ಬಂದಾಗ ಶುರುಮಾಡಿ. ಹೋಗುವಾಗ ಮಗುವಿನ ನೋಟ್‌ಬುಕ್ಕುಗಳು, ಹಿಂದಿನ ವರ್ಷಗಳ ಪ್ರಗತಿಪತ್ರ, ಟೀಚರ್ ಬರೆದ ಒಂದು ಪುಟದ ಅಭಿಪ್ರಾಯ ಒಯ್ಯಿರಿ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತಿದೆ ಎಂಬುದನ್ನು ಮೊದಲ ದಿನವೇ ಹೇಳಿ. ಬಾರದ ಭಾಷೆಯಲ್ಲಿ ಓದಿಸಿ ಮಗುವನ್ನು ಅಳೆದರೆ ಫಲಿತಾಂಶ ನಂಬುವಂತಿರುವುದಿಲ್ಲ.

ಯಾರೋ ನೋಯಿಸುತ್ತಿದ್ದರೆ

ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಶಾಲೆಯೊಳಗೇ ಪಂಚಾಯಿತಿ ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ. ಅದು ಹೇಳಿದ್ದನ್ನು ಅದರ ಮಾತಲ್ಲೇ ಬರೆದುಕೊಳ್ಳಿ. ಪೊಲೀಸರು ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರವಿಲ್ಲದೆ ಪಡೆಯಬೇಕು. ಮಗುವಿನ ಹೆಸರು, ಗುರುತು ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗಬಾರದು. ಮಕ್ಕಳ ಸಹಾಯವಾಣಿ 1098; 1996ರಲ್ಲಿ ಇದೇ ಮುಂಬೈನಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ ಹುಟ್ಟಿದ್ದು. ಟೀಚರೇ ಹೊಡೆದರೆ? ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಏಟನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

ಎಷ್ಟೋ ಸಲ ಮಗುವಿನ ಮೌನದ ಹಿಂದೆ ಅವ್ವ ತಿನ್ನುವ ಏಟು ಇರುತ್ತದೆ. 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರ ಶುರುವಾಯಿತು. ಮನೆಯಲ್ಲಿ ಹಿಂಸೆಗೊಳಗಾದ ಹೆಂಗಸರಿಗಾಗಿ ಆಸ್ಪತ್ರೆಯೊಳಗೇ ತೆರೆದ ದೇಶದ ಮೊದಲ ಕೇಂದ್ರ ಇದು. ತಾಯಿ ಗಾಯಕ್ಕೆ ಔಷಧಿ ಹಾಕಿಸಿಕೊಳ್ಳಲು ಹೋದಲ್ಲೇ ಸಲಹೆಯನ್ನೂ ಪಡೆಯಬಹುದು. ಧಾರಾವಿ ಭಾಗದಲ್ಲಿ 1999ರಿಂದ ಕೆಲಸ ಮಾಡುತ್ತಿರುವ ‘ಸ್ನೇಹಾ’ ಸಂಸ್ಥೆಯೂ ಇದೆ. ಮಗುವಿನ ಮೂಲಕ ಚೀಟಿ ಕಳಿಸಬೇಡಿ; ತಾಯಿ ಶಾಲೆಗೆ ಬಂದಾಗ ಒಬ್ಬಳನ್ನೇ ಕೂರಿಸಿಕೊಂಡು ಹೇಳಿ.

ಊರಿಗೆ ಹೋಗಿ ಬರುವ ಮಕ್ಕಳು

ಕೆಲಸ ನಿಂತಿತು, ಅಜ್ಜಿ ಹಾಸಿಗೆ ಹಿಡಿದಳು, ಜಾತ್ರೆ ಬಂತು ಎಂದು ಕುಟುಂಬ ವರ್ಷದ ನಡುವೆ ಊರಿಗೆ ಹೋಗುತ್ತದೆ. ಮರಳಿದ ಮಗು ಪಾಠದಲ್ಲಿ ಹಿಂದುಳಿದಿರುತ್ತದೆ, ಗೆಳೆಯರನ್ನೂ ಕಳೆದುಕೊಂಡಿರುತ್ತದೆ. ಟಿ.ಸಿ. ತಡವಾಯಿತೆಂದು ಯಾವ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಎರಡೂ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇವೆ. ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಅನ್ವಯಿಸುತ್ತವೆ. ಹೋಗುವ ಮುನ್ನ ಟೀಚರಿಗೆ ಹೇಳಿ ಹೋಗಿ. ಟೀಚರ್ ಪಾಠಗಳ ಪಟ್ಟಿ ಕೊಟ್ಟು ಕಳಿಸಲಿ. ಬಂದ ಮೇಲೆ ಮೊದಲ ವಾರ ಒಬ್ಬ ಜೊತೆಗಾರನನ್ನು ಪಕ್ಕಕ್ಕೆ ಕೂರಿಸಲಿ. ಕಟ್ಟಡದ ಸೈಟಿನಲ್ಲೇ ಬಿಡಾರ ಹೂಡಿದವರ ಚಿಕ್ಕ ಮಕ್ಕಳಿಗೆ ಮುಂಬೈ ಮೊಬೈಲ್ ಕ್ರೆಶಸ್ 1972ರಿಂದ ಶಿಶುಕೇಂದ್ರ ನಡೆಸುತ್ತ ಬಂದಿದೆ. ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕ ಶಾಲೆ ಬಿಡುವ ಮನೆಗಳಿಗೆ ಇದು ತಿಳಿದಿರಬೇಕು.

ಟೀಚರಿನ ಯೋಗಕ್ಷೇಮ ಯಾರ ಹೊಣೆ?

ವಿರಾರ್‌ನಿಂದ, ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವ ಟೀಚರ್ ಪಾಠದ ಜೊತೆಗೆ ಊಟದ ಲೆಕ್ಕ, ಆನ್‌ಲೈನ್ ಮಾಹಿತಿ, ಚುನಾವಣೆ ಕೆಲಸ ಎಲ್ಲವನ್ನೂ ಹೊರುತ್ತಾರೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಶಿಕ್ಷಣ ಹಕ್ಕು ಕಾಯಿದೆಯ 27ನೇ ಕಲಮು ಹೇಳುತ್ತದೆ. ದಣಿದು ಸುಣ್ಣವಾದ ಟೀಚರಿಗೆ ಮಗುವಿನ ಮುಖ ಕಾಣುವುದಿಲ್ಲ. ಮೇಲೆ ಹೇಳಿದ ಯಾವ ಹೆಜ್ಜೆಯೂ ಅವರಿಲ್ಲದೆ ಮುಂದೆ ಸಾಗುವುದಿಲ್ಲ. ಹೆಡ್‌ಮಾಸ್ತರರು ತಮ್ಮ ಕೈಯಲ್ಲೇ ಇರುವ ಎರಡು ಕೆಲಸ ಮಾಡಬಹುದು: ರಾತ್ರಿ ಎಂಟರ ನಂತರ ಶಾಲೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸೂಚನೆ ಹಾಕದಿರುವುದು, ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಟೀಚರುಗಳೆಲ್ಲ ಕೂತು ಯಾವ ಮಗುವಿನ ಚಿಂತೆ ಕಾಡುತ್ತಿದೆ ಎಂದು ಮಾತಾಡುವುದು. ಮಗುವೊಂದು ಹೇಳಿದ ಕಥೆಯನ್ನು ಒಬ್ಬರೇ ಹೊತ್ತು ಮನೆಗೆ ಹೋಗುವುದು ಬಹಳ ಕಷ್ಟ. 14416 ಟೀಚರಿಗೂ ಇರುವ ಸಂಖ್ಯೆ.

ಸಮಿತಿಯಲ್ಲಿ ಏನು ಕೇಳಬೇಕು?

ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಾದ ಆಪ್ತಸಲಹೆಗಾರ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕು. ಅದಕ್ಕಿಂತ ಚಿಕ್ಕ ಶಾಲೆಗಳು ಹೊರಗಿನ ತಜ್ಞರೊಂದಿಗೆ ನಂಟು ಮಾಡಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಸಹಾಯವಾಣಿ ಸಂಖ್ಯೆಗಳು ಎದ್ದು ಕಾಣುವಂತೆ ಇರಬೇಕು. ಮಕ್ಕಳು ಕಡಿಮೆಯಾಗುತ್ತಿರುವ ಕನ್ನಡ ಶಾಲೆಗಳಿಗೆ ಆ ‘ಚಿಕ್ಕ ಶಾಲೆ’ಯ ಮಾತು ಮುಖ್ಯ: ಮಕ್ಕಳ ಸಂಖ್ಯೆ ಕಡಿಮೆ ಎಂಬುದು ನೆಪವಾಗಬಾರದು.

ಇದನ್ನು ಕೇಳುವ ಜಾಗ ಶಾಲಾ ವ್ಯವಸ್ಥಾಪನ ಸಮಿತಿ. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಸಭೆಯನ್ನು ಕೂಲಿಯವರು ಬರಲಾಗುವ ಹೊತ್ತಿಗೆ, ಸಂಜೆಗೋ ಭಾನುವಾರಕ್ಕೋ ಇಡಿ ಎಂದು ಮೊದಲು ಕೇಳಿ. ನಮ್ಮ ಶಾಲೆಗೆ ಬರುವ ಆಪ್ತಸಲಹೆಗಾರರು ಯಾರು, ಯಾವ ವಾರ ಬರುತ್ತಾರೆ, ಕನ್ನಡ ಬಲ್ಲರೆ, ಬಾರದಿದ್ದರೆ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದು ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.

ಕನ್ನಡ ಸಂಘಗಳಲ್ಲೂ ಒಂದು ಕೋರಿಕೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘ ಇವೆಲ್ಲ ಇರುವ ಊರಿದು. ಸಂಘಗಳು ವರ್ಷವರ್ಷ ಪುಸ್ತಕ, ವಿದ್ಯಾರ್ಥಿವೇತನ ಹಂಚುತ್ತವೆ. ಅದರ ಜೊತೆಗೆ ಕನ್ನಡವನ್ನೂ ಮರಾಠಿಯನ್ನೂ ಬಲ್ಲ, ಆಸ್ಪತ್ರೆಯ ಓ.ಪಿ.ಡಿ. ತಿಳಿದ ನಿವೃತ್ತ ನರ್ಸ್, ನಿವೃತ್ತ ಟೀಚರ್, ಬ್ಯಾಂಕಿನವರನ್ನು ಗುರುತಿಸಿ ಪ್ರತಿ ಕನ್ನಡ ಶಾಲೆಗೆ ಇಬ್ಬರನ್ನಾದರೂ ಒದಗಿಸಲಿ. ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಸಾಯನ್‌ಗೋ ನಾಯರ್‌ಗೋ ಹೋಗಿ, ಕೇಸ್ ಪೇಪರ್ ಮಾಡಿಸಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ, ಮುಂದಿನ ತಾರೀಖು ನೆನಪಿಸುವುದು ಅವರ ಕೆಲಸ. ಶಾಲೆಯ ಕಡೆಯಿಂದ ಅವರ ಜೊತೆ ಮಾತಾಡುವ ಟೀಚರ್ ಒಬ್ಬರನ್ನು ಜೂನ್‌ನ ಮೊದಲ ಸಭೆಯಲ್ಲೇ ಗೊತ್ತುಮಾಡಿ, ಮೂವರ ಹೆಸರನ್ನೂ 14416, 1098 ಸಂಖ್ಯೆಗಳನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ, ನೀರಿನ ನಲ್ಲಿಯ ಪಕ್ಕದ ಗೋಡೆಗೆ ಹಚ್ಚಿ. ಎಲ್ಲ ಮಕ್ಕಳೂ ದಿನವೂ ಅಲ್ಲಿಗೆ ಬರುತ್ತಾರೆ.