ಕೆರೆ ದಂಡೆಯ ಡೇರೆ: ಸಹಿ ನಿಮ್ಮದಾದರೂ ಹೊಣೆ ಅವರದೇ

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ ಬೇಸಿಗೆ ಬಂತೆಂದರೆ ಬೆಳಿಗ್ಗೆ ಹತ್ತಕ್ಕೇ ಬಂಡೆ ಕಾದು ಬರಿಗಾಲು ಇಡಲಾಗದು. ಸುತ್ತ ಬಂಡೆಗಳನ್ನು ಪೇರಿಸಿಟ್ಟಂಥ ಗುಡ್ಡ, ನಡುವೆ ತುಂಗಭದ್ರಾ ಕಾಲುವೆಯ ನೀರು ತುಂಬಿನಿಂತ ಕೆರೆ. ಬೆಂಗಳೂರು, ಹೈದರಾಬಾದ್ ಕಡೆಯಿಂದ ಬಿಸಿಲಲ್ಲಿ ಬೆಂದು ಬಂದವರಿಗೆ ಆ ನೀರು ಕಂಡೊಡನೆ ಇಳಿಯಬೇಕೆನಿಸುವುದು ಸಹಜ. ಇಳಿಯುವ ಮೊದಲು, ಇಲ್ಲವೇ ಹರಿಗೋಲು ಹತ್ತುವ ಮೊದಲು, ಶಿಬಿರದ ಹುಡುಗ ಒಂದು ಪುಸ್ತಕ ಮುಂದೆ ಹಿಡಿಯುತ್ತಾನೆ: ‘ನನಗೆ ಏನೇ ಆದರೂ ಶಿಬಿರದವರು ಜವಾಬ್ದಾರರಲ್ಲ.’ ಕೆಳಗೆ ಹೆಸರು, ಮೊಬೈಲ್ ನಂಬರ್, ಸಹಿ. ಹಿಂದಿನವರ ಒದ್ದೆ ಬೆರಳಿನ ಗುರುತು ಇನ್ನೂ ಆರದ ಆ ಪುಟದಲ್ಲಿ ಓದದೆ ಸಹಿ ಹಾಕುವವರೇ ಹೆಚ್ಚು. ಮುಂದೆ ಅನಾಹುತವಾದಾಗ ಮನೆಯವರ ಮುಂದೆ ಅದೇ ಪುಟ ಹಿಡಿದು, ‘ಅವರೇ ಬರೆದುಕೊಟ್ಟಿದ್ದಾರಲ್ಲ’ ಎನ್ನುತ್ತಾರೆ. ಎಷ್ಟೋ ಕುಟುಂಬಗಳು ಅಲ್ಲಿಗೇ ಕೈಚೆಲ್ಲುತ್ತವೆ.

ಕೈಚೆಲ್ಲಬೇಕಾಗಿಲ್ಲ. ಹಣ ಪಡೆದು ಸೇವೆ ಕೊಡುವವರು ತಮ್ಮ ನಿರ್ಲಕ್ಷ್ಯವನ್ನು ಗ್ರಾಹಕರ ಒಂದು ಸಹಿಯಿಂದ ಮನ್ನಾ ಮಾಡಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೋವಳಂ ಹೋಟೆಲಿನ ಈಜುಕೊಳದಲ್ಲಿ ಅತಿಥಿಯೊಬ್ಬರು ಮುಳುಗಿ ಸತ್ತ ಪ್ರಕರಣ 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಅಲ್ಲಿ ಜೀವರಕ್ಷಕ ಇದ್ದ. ಆದರೆ ಅವನಿಗೇ ಬಾರ್‌ನಲ್ಲಿ ಮದ್ಯ ಕೊಡುವ ಕೆಲಸವನ್ನೂ ವಹಿಸಿದ್ದರು. ಎರಡು ಕೆಲಸ ಹೊತ್ತವನ ಕಣ್ಣು ನೀರಿನ ಮೇಲೆ ಇರುವುದಾದರೂ ಹೇಗೆ? ಅದು ಸೇವೆಯ ಕೊರತೆಯೇ ಎಂದ ನ್ಯಾಯಾಲಯ, ರಾಷ್ಟ್ರೀಯ ಗ್ರಾಹಕ ಆಯೋಗ ಕೊಡಿಸಿದ್ದ 62.50 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ಹೋಟೆಲ್ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ ಕಾರು ಕಳುವಾದಾಗ, ಚೀಟಿಯ ಮೇಲೆ ‘ವಾಹನ ಮಾಲೀಕರದೇ ಹೊಣೆ’ ಎಂದು ಅಚ್ಚಾಗಿದೆ ಎಂಬ ಸಬೂಬು ಹೋಟೆಲಿನ ನಿರ್ಲಕ್ಷ್ಯವನ್ನು ಮುಚ್ಚದು ಎಂದೂ ಹೇಳಿತು. ಕೆರೆ ದಂಡೆಯ ಸಹಿಪುಸ್ತಕವನ್ನೂ ಇದೇ ಕಣ್ಣಿನಿಂದ ನೋಡಬೇಕು.

ಹಾಗೆಂದು ಎಚ್ಚರಿಕೆಯ ಫಲಕ ಇದ್ದೂ, ಬೇಡವೆಂದರೂ ಬಂಡೆ ಮೇಲಿಂದ ಹಾರಿದವರಿಗೆ ಪೂರ್ತಿ ಪರಿಹಾರ ಸಿಗುತ್ತದೆಂದು ಭಾವಿಸಬೇಡಿ. ಅವರ ಪಾಲಿನ ತಪ್ಪನ್ನೂ ಆಯೋಗ ತೂಗುತ್ತದೆ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿಯೇ ಪ್ರವಾಸಕ್ಕೆ ಬಂದ ಯುವತಿಯೊಬ್ಬರು ಬಂಡೆಯಿಂದ ತುಂಗಭದ್ರೆಗೆ ಜಿಗಿದು ಪ್ರಾಣ ಕಳೆದುಕೊಂಡರು. ಮೇಲಿಂದ ನಿಂತು ನೋಡಿದರೆ ಆ ನೀರಿನ ಸೆಳೆತವಾಗಲಿ ಒಳಗಿನ ಕಲ್ಲಾಗಲಿ ಕಾಣುವುದಿಲ್ಲ. ಹಾಗಾಗಿ ಲೈಫ್ ಜಾಕೆಟ್ ಕೊಟ್ಟಾಗ ಅದರ ಮೂರೂ ಬಕಲ್ ಕೂಡುತ್ತವೆಯೇ ನೋಡಿ. ಕೂಡದಿದ್ದರೆ ಬೇರೆಯದು ಕೇಳಿ, ಇಲ್ಲ ಎಂದರೆ ಫೋಟೊ ತೆಗೆದು ಇಳಿಯದೆ ವಾಪಸು ಬನ್ನಿ. ಸಹಿ ಹಾಕಲೇಬೇಕೆಂದರೆ ಹಾಕುವ ಮುಂಚೆ ಆ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಡೇರೆ ನಿಂತಿರುವ ನೆಲ ಯಾರದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ, ಬೇರೆಯವರ ಹಕ್ಕು ಸ್ಥಾಪಿತವಾಗಿರದ ಕೆರೆ, ಹಳ್ಳ, ನದಿ ಎಲ್ಲವೂ ಸರ್ಕಾರದ ಸೊತ್ತು. ಪಕ್ಕದ ಹೊಲ ಖಾಸಗಿಯಾಗಿರಬಹುದು, ಕೆರೆಯ ಅಂಗಳ ಅಲ್ಲ. ‘ನಮ್ಮ ಗೆಸ್ಟ್‌ಗಳಿಗೆ ಮಾತ್ರ’ ಎಂದು ನೀರಿನ ಅಂಚಿಗೆ ಹಗ್ಗ ಕಟ್ಟಿದ್ದರೆ ಯಾವ ಅಧಿಕಾರದಲ್ಲಿ ಕಟ್ಟಿದಿರಿ ಎಂದು ಕೇಳುವ ಹಕ್ಕು ನಿಮಗೂ ಇದೆ, ಊರಿನ ಕುರಿ ಕಾಯುವವನಿಗೂ ಇದೆ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಫೋನಿನಲ್ಲೇ ಕಾಣುತ್ತದೆ, ಅದನ್ನು ಹಾಕಿ ಭೂಮಿ ಜಾಲತಾಣದಲ್ಲಿ ಪಹಣಿ ನೋಡಬಹುದು. ಮುಂಗಡ ಕಳಿಸುವ ಮೊದಲು ಈ ಹತ್ತು ನಿಮಿಷದ ಕೆಲಸ ಮಾಡಿಕೊಳ್ಳಿ.

ಸಾಣಾಪುರದ ಸೀಮೆಯಲ್ಲಿ ಇದು ಬರೀ ಮುಂಜಾಗ್ರತೆಯ ಮಾತಲ್ಲ. ಆನೆಗುಂದಿ, ಹಂಪಿ ಸುತ್ತಿನ ಹಳ್ಳಿಗಳಲ್ಲಿ ಕಟ್ಟುವುದಕ್ಕೂ ವ್ಯಾಪಾರ ನಡೆಸುವುದಕ್ಕೂ 2002ರ ಕಾಯ್ದೆಯಡಿ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಗತಿ ನೆನಪಿರಬಹುದು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ತಲೆಯೆತ್ತಿದ್ದ ಅವುಗಳ ವಿರುದ್ಧ ಹೈಕೋರ್ಟ್ 2015ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮಾರ್ಚಿನಲ್ಲಿ ಜೆಸಿಬಿ ಬಂತು. ಅಂಥ ಸ್ಥಳಕ್ಕೆ ಮುಂದಿನ ತಿಂಗಳ ಬುಕಿಂಗ್ ಮಾಡಿದ್ದರೆ? ಜಾಗ ತೆರವಾಯಿತೆಂದು ಸೇವೆ ಕೊಡದವರು ಹಣ ಇಟ್ಟುಕೊಳ್ಳುವಂತಿಲ್ಲ. ‘ಮುಂಗಡ ವಾಪಸಿಲ್ಲ’ ಎಂಬ ಷರತ್ತು ನೀವಾಗಿ ರದ್ದು ಮಾಡಿದಾಗಿನ ಮಾತು, ಅವರೇ ಕೊಡಲಾಗದಾಗ ಅದು ಅನ್ವಯಿಸದು.

ಬೆಂಕಿಯ ವಿಷಯವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕ್ಯಾಂಪ್‌ಫೈರ್ ಇಲ್ಲದೆ ಕ್ಯಾಂಪ್ ಇಲ್ಲ ಎಂಬ ರೂಢಿ ಬೆಳೆದುಬಿಟ್ಟಿದೆ. ಮಾರ್ಚ್‌ನಿಂದ ಮೇವರೆಗೆ ಬಂಡೆಗುಡ್ಡದ ಹುಲ್ಲು ಒಣಗಿ ನಿಂತಿರುತ್ತದೆ, ಸಂಜೆಯ ಗಾಳಿಗೆ ಒಂದು ಕಿಡಿ ಸಾಕು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ಇಂಥದೇ ಒಣಗಾಲದಲ್ಲಿ. ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು, ಅತಿಕ್ರಮ ಪ್ರವೇಶ ಎರಡನ್ನೂ ಕರ್ನಾಟಕ ಅರಣ್ಯ ಅಧಿನಿಯಮ, 1963ರ 24ನೇ ಪ್ರಕರಣ ಅಪರಾಧವೆನ್ನುತ್ತದೆ. ತುಂಗಭದ್ರೆಯ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಪಾಯ ತರುವಂತೆ ಬೆಂಕಿ ಹಾಕುವುದಷ್ಟೇ ಅಲ್ಲ, ಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದೂ ತಪ್ಪು. ಖಾಸಗಿ ಹೊಲದಲ್ಲೇ ಹಾಕಿದ ಬೆಂಕಿಯೂ ಪಕ್ಕದವರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಪ್ರಕರಣದಡಿ ಆರು ತಿಂಗಳವರೆಗೆ ಜೈಲಾಗಬಹುದು. ‘ಪ್ಯಾಕೇಜಲ್ಲಿ ಫೈರ್ ಇದೆ ಸರ್’ ಎಂದರೆ ಅರಣ್ಯ ಇಲಾಖೆಯ ಸಿಬ್ಬಂದಿ ಕಡ್ಡಿ ಗೀರಿದವರನ್ನು ಬಿಟ್ಟು ಹೋಗುವುದಿಲ್ಲ. ಆ ಕೆರೆಯ ನೀರನ್ನು ಊರಿನ ದನಕರು ಕುಡಿಯುತ್ತವೆ, ಗದ್ದೆಗೆ ಹಾಯಿಸುತ್ತಾರೆ. ಸೋಪು, ಎಂಜಲು, ಬಾಟಲಿ ಹಾಕಿ ಅದನ್ನು ಕೆಡಿಸುವುದಕ್ಕೆ ನ್ಯಾಯ ಸಂಹಿತೆಯ 279ನೇ ಪ್ರಕರಣದಲ್ಲಿ ಆರು ತಿಂಗಳವರೆಗಿನ ಸೆರೆ, 5,000 ರೂಪಾಯಿವರೆಗಿನ ದಂಡ ಇದೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, ಬಯಲಿಗೂ ಅದೇ ನಿಯಮ.

ಬಿಲ್ ಕೇಳಿ ಪಡೆಯಿರಿ. ಗೂಗಲ್ ಪೇ ಸಂದೇಶ ಹಣ ಹೋದದ್ದನ್ನು ತೋರಿಸುತ್ತದೆ, ಏತಕ್ಕೆ ಹೋಯಿತೆಂಬುದನ್ನು ತೋರಿಸುವುದಿಲ್ಲ. ಬಿಲ್ ಕೊಡದಿರುವುದೇ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಗುರುತಿನ ಚೀಟಿ ಕೇಳಿದರೆ ಚಾಲನಾ ಪರವಾನಗಿ, ಮತದಾರರ ಚೀಟಿ ಕೊಡಬಹುದು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಖವಾಡದ ಪ್ರತಿ ಸಾಕು. ವಯಸ್ಕರಿಬ್ಬರು ಮದುವೆಯಾಗದೆ ಒಂದೇ ಕೋಣೆಯಲ್ಲಿ ಇರುವುದನ್ನು ತಡೆಯುವ ಕಾನೂನು ಯಾವುದೂ ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಡೇರೆಗೂ ಅದೇ ಮಾತು. ಪೊಲೀಸರು ಬಂದರೆ ಹೆಸರು, ವಿಳಾಸ, ಗುರುತು ಹೇಳಿ, ಜಗಳ ಬೇಡ. ಆದರೆ ಹೆಂಗಸರನ್ನು ವಿಚಾರಣೆಗೆಂದು ಠಾಣೆಗೆ ಬರಹೇಳುವಂತಿಲ್ಲ, ಅವರು ಇರುವಲ್ಲೇ ಕೇಳಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅವರನ್ನು ಬಂಧಿಸಲು ತೀರಾ ವಿಶೇಷ ಕಾರಣವೂ ಮಹಿಳಾ ಅಧಿಕಾರಿಯೂ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿಯೂ ಬೇಕು.

ಸಾಣಾಪುರದಲ್ಲಿ 2025ರ ಮಾರ್ಚ್‌ನಲ್ಲಿ ನಡೆದದ್ದನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾರೆ. ರಾತ್ರಿ ಕಾಲುವೆ ದಂಡೆಯಲ್ಲಿ ಕುಳಿತಿದ್ದವರ ಮೇಲೆ ಹಲ್ಲೆಯಾಯಿತು, ಹೆಂಗಸರ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ತಳ್ಳಿದವರಲ್ಲಿ ಒಬ್ಬರು ಸತ್ತರು. ಇಂಥದಾದರೆ ಮೊದಲು 112. ಆಸ್ಪತ್ರೆ ಸರ್ಕಾರಿಯಿರಲಿ ಖಾಸಗಿಯಿರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಪ್ರಕರಣ ಹೇಳುತ್ತದೆ. ನಿರಾಕರಿಸುವುದೇ ಅಪರಾಧ. ಅವರ ಗುರುತು ಬಯಲುಮಾಡುವುದೂ ಅಪರಾಧ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಂಚುವವರಿಗೂ ಇದು ಅನ್ವಯಿಸುತ್ತದೆ. ‘ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯೂ ದೂರು ತಿರುಗಿಸಿ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 173ನೇ ಪ್ರಕರಣದಂತೆ ಎಲ್ಲಿಯ ಘಟನೆಯಾದರೂ ದೂರು ದಾಖಲಿಸಿಕೊಂಡು, ಎಫ್ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಇದನ್ನೇ ಜೀರೋ ಎಫ್ಐಆರ್ ಎನ್ನುತ್ತಾರೆ. ಊರಿಗೆ ಮರಳಿದ ಮೇಲೆ ನಿಮ್ಮ ಬಡಾವಣೆಯ ಠಾಣೆಯಲ್ಲೂ ಕೊಡಬಹುದು. ಇಮೇಲ್ ಮೂಲಕ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು.

ಮುಳುಗಿ ಸತ್ತ ಪ್ರಕರಣಗಳಲ್ಲಿ ಕುಟುಂಬಗಳು ಎಡವುವ ಒಂದು ತಿರುವು ಇದೆ. ಪೊಲೀಸರು ಸಾಮಾನ್ಯವಾಗಿ ಅದನ್ನು ಅಸ್ವಾಭಾವಿಕ ಸಾವು ಎಂದು, ಠಾಣೆಯ ಭಾಷೆಯಲ್ಲಿ ಯುಡಿಆರ್, ನಾಗರಿಕ ಸುರಕ್ಷಾ ಸಂಹಿತೆಯ 194ನೇ ಪ್ರಕರಣದಡಿ ದಾಖಲಿಸುತ್ತಾರೆ. ಅದು ಸಾವಿನ ಕಾರಣ ತಿಳಿಯುವ ವಿಚಾರಣೆಯೇ ಹೊರತು ಯಾರ ಮೇಲಿನ ಮೊಕದ್ದಮೆಯೂ ಅಲ್ಲ. ಮಗನ ಹೆಣದ ಮುಂದೆ ನಿಂತ ತಂದೆಗೆ ‘ಯಾರ ಮೇಲೂ ಅನುಮಾನವಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಮಾಡಿ ಎಂದರೆ ಆ ಗಳಿಗೆಯಲ್ಲಿ ಓದುವ ಶಕ್ತಿ ಇರುವುದಿಲ್ಲ. ಜೊತೆಗಿದ್ದವರಾದರೂ ಓದಿ. ಜಾಕೆಟ್ ಕೊಡಲಿಲ್ಲ, ಹರಿಗೋಲಿನಲ್ಲಿ ಮಿತಿಮೀರಿ ಜನ ತುಂಬಿದರು, ನೋಡಿಕೊಳ್ಳಲು ಯಾರೂ ಇರಲಿಲ್ಲ ಎಂಬ ಸಂಗತಿಗಳಿದ್ದರೆ ಅವನ್ನೇ ದೂರಿನಲ್ಲಿ ಬರೆಸಿ, ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧಕ್ಕೆ, ಅಂದರೆ ನ್ಯಾಯ ಸಂಹಿತೆಯ 106ನೇ ಪ್ರಕರಣಕ್ಕೆ, ಎಫ್ಐಆರ್ ಕೇಳಿ. ಐದು ವರ್ಷದವರೆಗೆ ಶಿಕ್ಷೆಯಿರುವ ಅಪರಾಧವಾದ್ದರಿಂದ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಠಾಣೆಗೆ ಅವಕಾಶವಿದೆ. ಅದರಾಚೆ ಎಳೆಯುವಂತಿಲ್ಲ. ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಿರಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ. ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಕ್ರಿಮಿನಲ್ ಪ್ರಕರಣ ನಡೆಯುತ್ತಿರುವಾಗಲೇ ಪರಿಹಾರಕ್ಕಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು, ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿಲ್ಲ. ಗೆಳೆಯರ ಗುಂಪಿನಲ್ಲಿ ಒಬ್ಬರು ಹಣ ಕಟ್ಟಿದ್ದರೂ ಅವರ ಒಪ್ಪಿಗೆಯಿಂದ ಸೇವೆ ಪಡೆದ ಎಲ್ಲರೂ ಗ್ರಾಹಕರೇ. ಸತ್ತವರ ಪರವಾಗಿ ವಾರಸುದಾರರು ದೂರು ಕೊಡಬಹುದು. ಆಯೋಗ ಯಾವುದೆಂಬುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಈ ಲೆಕ್ಕ ಸರಿಯೆಂದು 2025ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹೀಗಾಗಿ ಎರಡು ಸಾವಿರದ ಡೇರೆಯ ಬಿಲ್ ಹಿಡಿದು ನಿಮ್ಮ ಜಿಲ್ಲೆಯಲ್ಲೇ ಲಕ್ಷಗಟ್ಟಲೆ ಪರಿಹಾರ ಕೇಳಬಹುದು, ಕೊಪ್ಪಳಕ್ಕೆ ಅಲೆಯಬೇಕಿಲ್ಲ. ದೂರುದಾರರು ವಾಸವಿರುವ ಊರಿನಲ್ಲೂ ದೂರು ಸಲ್ಲುತ್ತದೆ. ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮುಂಗಡ ವಾಪಸಾತಿಯಂಥ ಸಣ್ಣ ತಕರಾರಿಗೆ ಮೊದಲು 1915ಕ್ಕೆ ಕರೆ ಮಾಡಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ವಕೀಲರು ಬೇಕು, ಹಣವಿಲ್ಲ ಎನ್ನುವವರಿಗೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೂ ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತ.

ಗ್ರಾಹಕ ದೂರಿಗೆ ಕಾಲಮಿತಿ ಎರಡು ವರ್ಷ. ಪೊಲೀಸ್ ತನಿಖೆ ಮುಗಿಯಲಿ ಎಂದು ಕಾಯುತ್ತ ಕುಳಿತರೆ ಆ ಎರಡು ವರ್ಷ ನಿಲ್ಲುವುದಿಲ್ಲ, ಘಟನೆ ನಡೆದ ದಿನದಿಂದಲೇ ಎಣಿಕೆಯಾಗುತ್ತಿರುತ್ತದೆ.