ಎಂಡೋಸಲ್ಫಾನ್ ಮಾಸಾಶನ: ದಾಖಲೆ ಹೊಂದಿಸುವ ಬಗೆ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಎಂಡೋಸಲ್ಫಾನ್ ಬಾಧಿತರು ಮಾಸಾಶನ ಕೋರುವಾಗ ಎರಡು ಸಂಗತಿಗಳಿಗೆ ದಾಖಲೆ ಹೊಂದಿಸಿಕೊಳ್ಳಬೇಕು: ಅಂಗವೈಕಲ್ಯ ಎಷ್ಟು, ಸಿಂಪಡಣೆಯ ಕಾಲದಲ್ಲಿ ವಾಸ ಎಲ್ಲಿ. ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಈ ಕೀಟನಾಶಕವನ್ನು ಹೆಲಿಕಾಪ್ಟರ್‌ನಿಂದ ಸಿಂಪಡಿಸಲಾಗಿತ್ತು. ಸುಪ್ರೀಂ ಕೋರ್ಟ್ ಇದನ್ನು ದೇಶದಾದ್ಯಂತ ತಡೆದದ್ದು 2011ರ ಮೇ 13ರಂದು.

ದಶಕಗಳ ಬಳಿಕ ರಕ್ತ ಪರೀಕ್ಷೆಯಿಂದ ಹಳೆಯ ಸಂಪರ್ಕವನ್ನು ಸಾಬೀತುಪಡಿಸುವುದು ಕಷ್ಟ. ಆದ್ದರಿಂದ ಕಾಗದಪತ್ರಗಳಿಗೇ ತೂಕ ಹೆಚ್ಚು. ವಾಸಕ್ಕೆ ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ವರ್ಗಾವಣೆ ಪತ್ರ, ಮಗುವಿನ ಜನನ ಪ್ರಮಾಣಪತ್ರ ನೆರವಾಗುತ್ತವೆ. ಪಹಣಿ ಜಮೀನು ಯಾರದೆಂದು ಹೇಳುತ್ತದೆಯೇ ಹೊರತು ಅಲ್ಲಿ ಯಾರು ವಾಸವಿದ್ದರೆಂದು ಹೇಳದು. ಕಾಯಿಲೆಗೆ ತಾಯಿ ಕಾರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ, ಆಸ್ಪತ್ರೆಯ ಬಿಡುಗಡೆ ಪತ್ರಗಳನ್ನು ವರ್ಷವಾರು ಜೋಡಿಸಬೇಕು. ಅಂಗವೈಕಲ್ಯದ ಶೇಕಡಾವಾರನ್ನು ವೈದ್ಯಕೀಯ ಮಂಡಳಿ ನಿಗದಿಪಡಿಸುತ್ತದೆ; ಮಾಸಾಶನದ ಮೊತ್ತ ಅದನ್ನೇ ಅವಲಂಬಿಸಿದೆ.

ತೋಟದ ಸಿಂಪಡಣೆಯ ವಿವರವನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದಿಂದ ಕೇಳಬಹುದು. ಊರು, ತೋಪು, ವರ್ಷಗಳನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಮೂಲ ದಾಖಲೆ ಮನೆಯಲ್ಲಿರಲಿ. ಕಚೇರಿಗೆ ನಕಲು ಕೊಟ್ಟು ಸ್ವೀಕೃತಿ ಪಡೆಯುವುದು ಕ್ಷೇಮ.