ಹೊಗೆಯ ಹಾದಿಯ ಲೆಕ್ಕಾಚಾರ

ಚಿಮಣಿಯಿಂದ ಹೊರಟ ಹೊಗೆಯು ಎಲ್ಲಿ ನೆಲಮುಟ್ಟುವುದೆಂಬುದನ್ನು ಅದರ ಪ್ರಮಾಣವೊಂದರಿಂದಲೇ ಹೇಳಲಾಗದು. ಚಿಮಣಿಯ ಎತ್ತರ, ಹೊಗೆಯ ಉಷ್ಣತೆ, ಗಾಳಿಯ ದಿಕ್ಕು ಹಾಗೂ ವೇಗ, ನೆಲದ ಏರಿಳಿತ ಇವೆಲ್ಲವೂ ಗಣನೆಗೆ ಬರಬೇಕು.

ಈ ಲೆಕ್ಕಕ್ಕೆ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2005ರಲ್ಲಿ ಅಂಗೀಕರಿಸಿದ ‘ಏರ್‌ಮಾಡ್’ ಎಂಬ ತಂತ್ರಾಂಶವು ಬಳಕೆಯಲ್ಲಿದೆ. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಪಡೆದು ಪರಿಶೀಲಿಸಬಹುದು.

ಮುಂಬಯಿಯ ಚೆಂಬೂರು-ಟ್ರಾಂಬೆ ಪ್ರದೇಶದಲ್ಲಿ ತೈಲ ಶುದ್ಧೀಕರಣ, ರಸಗೊಬ್ಬರ ಮತ್ತು ವಿದ್ಯುತ್ ಸ್ಥಾವರಗಳಿವೆ. ಅದರ ವಾಯವ್ಯಕ್ಕೆ, ಸಾಂತಾಕ್ರೂಜ್‌ನಲ್ಲಿ, ಭಾರತ ಹವಾಮಾನ ಇಲಾಖೆಯ ವೀಕ್ಷಣಾಲಯವಿದೆ. ಅಲ್ಲಿ ನೆಲಮಟ್ಟದ ಗಾಳಿಯನ್ನಷ್ಟೇ ಅಲ್ಲದೆ, ಬಲೂನುಗಳ ಮೂಲಕ ಮೇಲ್ಮಟ್ಟದ ಗಾಳಿ ಮತ್ತು ಉಷ್ಣತೆಯನ್ನೂ ಅಳೆಯಲಾಗುತ್ತದೆ. ತಂತ್ರಾಂಶಕ್ಕೆ ಇವೆರಡೂ ಅವಶ್ಯಕ.

ಆದರೆ ಎಚ್ಚರಿಕೆಯೂ ಅಗತ್ಯ. ಹಗಲಿನಲ್ಲಿ ಪಶ್ಚಿಮದ ಕಡಲಗಾಳಿಯು ಹೊಗೆಯನ್ನು ಪೂರ್ವಕ್ಕೆ ಒಯ್ಯುತ್ತದೆ. ಚಳಿಗಾಲದ ರಾತ್ರಿ ನೆಲಗಾಳಿಯು ಅದನ್ನು ನಗರದತ್ತ ತರಬಲ್ಲದು. ವರ್ಷದ ಸರಾಸರಿಯಲ್ಲಿ ಈ ಭೇದವು ಮರೆಯಾಗುತ್ತದೆ. ಅಲ್ಲದೆ, ಒಂದು ಗಂಟೆಯ ಅವಧಿಯಲ್ಲಿ ಗಾಳಿಯು ಎಲ್ಲೆಡೆ ಒಂದೇ ದಿಕ್ಕಿಗೆ ಬೀಸುವುದೆಂದು ಏರ್‌ಮಾಡ್ ಭಾವಿಸುತ್ತದೆ. ಕರಾವಳಿಯಲ್ಲಿ ಅದು ಸದಾ ನಿಜವಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಆಲಿಕೆ ಸಭೆಗಳಲ್ಲಿ ನಾಗರಿಕರು ಕೇಳಬೇಕಾದ ಪ್ರಶ್ನೆಗಳು ಮೂರು: ಯಾವ ಕೇಂದ್ರದ ಅಂಕಿಅಂಶ? ಯಾವ ಋತುಗಳದ್ದು? ರಾತ್ರಿಯ ಲೆಕ್ಕವೂ ಸೇರಿದೆಯೇ? ತಂತ್ರಾಂಶವು ಮುಕ್ತವಾಗಿರುವುದರಿಂದ ಉತ್ತರವನ್ನು ಮತ್ತೊಮ್ಮೆ ಲೆಕ್ಕಹಾಕಿ ನೋಡಲು ಸಾಧ್ಯ.